ಮುಚ್ಚಳ ಹಾಕದ ಕರೆ

ಬೇರೆ ಊರುಗಳಲ್ಲಿ ಫೋನು ಕೊಳ್ಳುವವರು ಮೊದಲು ಕ್ಯಾಮೆರಾ ಹೇಗಿದೆ ಎಂದು ಕೇಳುತ್ತಾರಂತೆ. ನಮ್ಮೂರಿನಲ್ಲಿ ಕೇಳುವುದು ಒಂದೇ ಪ್ರಶ್ನೆ: ಒಡೆಯುತ್ತದೆಯೋ, ಇಲ್ಲವೋ. ನಮ್ಮಲ್ಲಿ ಫೋನು ಒಡೆದರೆ ಅದರಲ್ಲಿ ಕೊನೆಗೆ ಆಡಿದ ಮಾತು, ಆಡಿದ ಇಬ್ಬರ ನೆನಪಿನಿಂದಲೂ ಹೋಗಿಬಿಡುತ್ತದೆ. ಇಬ್ಬರಲ್ಲಿ ಯಾರ ಫೋನು ಒಡೆದರೂ ಅಷ್ಟೆ. ಗಾಜು ಬಿರುಕು ಬಿಟ್ಟರೆ ಏನೂ ಆಗುವುದಿಲ್ಲ, ಫೋನು ಪೂರ್ತಿ ಸಾಯಬೇಕು. ಹಿಂದಿನ ಕರೆಗಳಿಗೆ ತೊಂದರೆ ಇಲ್ಲ. ಎತ್ತಿ ಮಾತಾಡಿದ ಕೊನೆಯದೊಂದು ಮಾತ್ರ, ಗಂಟೆ ಬಾರಿಸಿದ ಕ್ಷಣದಿಂದ ಇಡುವವರೆಗೆ, ಇರುವುದಿಲ್ಲ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರಿಗೆ ನೆನಪಿರುತ್ತದೆ. ಆದ್ದರಿಂದ ಯಾರಿಗಾದರೂ ಫೋನು ಬಂದರೆ ಉಳಿದವರು ಎದ್ದು ಹೊರಗೆ ಹೋಗುವುದು ನಮ್ಮೂರಿನ ಮರ್ಯಾದೆ. ಬೇರೆಯವರ ಮಾತನ್ನು ಹೊತ್ತುಕೊಂಡು ತಿರುಗುವುದು ಯಾರಿಗೆ ಬೇಕು?

ಹೀಗಾಗಿ ಮುಚ್ಚಳದ ರೂಢಿ ಬಂತು. ಮದುವೆ ಮಾತು, ಸಾವಿನ ಸುದ್ದಿ, ಡಾಕ್ಟರ್ ಹೇಳಿದ್ದು, ಹೀಗೆ ಮುಖ್ಯವಾದದ್ದು ಏನಾದರೂ ಆಡಿ ಮುಗಿಸಿದ ಕೂಡಲೇ ಎರಡೂ ಕಡೆಯವರು ಇನ್ನೊಬ್ಬರಿಗೆ ಫೋನು ಹಚ್ಚಿ, "ಏನ್ ಪಲ್ಯಾ ಮಾಡೀರಿ?" ಎಂದು ಕೇಳುತ್ತಾರೆ. ಆ ಕಡೆಯವರು ಹೀರೇಕಾಯಿ ಅಥವಾ ಮಡಕಿಕಾಳು ಎಂದು ಹೇಳಿ ಇಡುತ್ತಾರೆ. ಇದೇ ಮುಚ್ಚಳ. ಆಮೇಲೆ ಫೋನು ಒಡೆದರೂ ಹೋಗುವುದು ಪಲ್ಯದ ಮಾತು. ಅದು ಏನೆಂಬುದು ಊಟಕ್ಕೆ ಕುಳಿತಾಗ ತಾನಾಗಿಯೇ ತಿಳಿಯುತ್ತದೆ. ಪ್ರತಿಯೊಬ್ಬರಿಗೂ ಒಬ್ಬ ಮುಚ್ಚಳದವರು ಇರುತ್ತಾರೆ. ಸಾಮಾನ್ಯವಾಗಿ ಬೇರೆ ಯಾವ ವ್ಯವಹಾರವೂ ಇಲ್ಲದವರನ್ನೇ ಅದಕ್ಕೆ ಆರಿಸಿಕೊಳ್ಳುತ್ತಾರೆ.

ಒಡೆಯುವುದಕ್ಕೂ ಒಂದು ರೂಢಿ ಇದೆ. ಗಂಡ ಹೆಂಡತಿ, ಬೀಗರು, ಪಾಲುದಾರರು ಫೋನಿನಲ್ಲಿ ಆಡಬಾರದ್ದನ್ನು ಆಡಿಕೊಂಡರೆ ಇಬ್ಬರಲ್ಲಿ ಒಬ್ಬರು ಫೋನನ್ನು ಕಲ್ಲಿಗೆ ಅಪ್ಪಳಿಸುತ್ತಾರೆ. ಜಗಳ ಅಲ್ಲಿಗೆ ಮುಗಿಯಿತು. ಅಂಗಡಿಗಳಲ್ಲಿ ಇದಕ್ಕೆಂದೇ 'ಜಗಳದ ಸೆಟ್ಟು' ಎಂದು ಅಗ್ಗದ ಹಳೆಯ ಫೋನುಗಳು ಸಿಗುತ್ತವೆ. ಒಡೆದದ್ದು ಏನೆಂದು ಆಮೇಲೆ ಯಾರೂ ಕೇಳುವುದಿಲ್ಲ. ಒಡೆದವರು ತಾವಾಗಿ ಮತ್ತೆ ಫೋನು ಹಚ್ಚುವುದಿಲ್ಲ, ಆ ಕಡೆಯವರೇ ಹಚ್ಚಬೇಕು. ಇಷ್ಟೆಲ್ಲ ಏಕೆ, ಕಾಗದದಲ್ಲಿ ಬರೆದುಕೊಟ್ಟರೆ ಸಾಲದೇ ಎಂದು ಹೊರಗಿನವರು ಕೇಳುತ್ತಾರೆ. ಮುಖ್ಯವಾದದ್ದನ್ನು ಬಾಯಿಂದ ಹೇಳದೆ ಬರೆದು ಕಳಿಸುವುದು ನಮ್ಮಲ್ಲಿ ಅವಮಾನ. ಬರೆಯುವುದೇನಿದ್ದರೂ ಪತ್ರಿಕೆಯವರ ಕೆಲಸ.

ಆ ಕೆಲಸ ನನ್ನದು. ಊರಿನ ದಿನಪತ್ರಿಕೆಯಲ್ಲಿ ವರದಿಗಾರನಾಗಿದ್ದೇನೆ. ಆ ವರ್ಷ ಪೇಟೆಗೆ ಎರಡು ಹೊಸ ಫೋನು ಬಂದವು. ಒಂದರ ಹೆಸರು ಗಜ. ದಪ್ಪ, ಭಾರ, ಮೂಲೆಗಳಿಗೆ ರಬ್ಬರು, ಹಿಂಬದಿಗೆ ಲೋಹದ ತಗಡು. ಇನ್ನೊಂದು ಹಂಸ. ತೆಳ್ಳಗೆ, ಹಗುರ, ಕೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಎಂಬಂತೆ. ಎರಡೂ ಕಂಪನಿಗಳು ತಮ್ಮದೇ ಬಾಳಿಕೆಯದು ಎಂದು ಗೋಡೆಗೋಡೆಗೆ ಬರೆಸಿದವು. ಸಂಪಾದಕ ಇನಾಮದಾರರು ನನ್ನನ್ನು ಕರೆದು, "ಎರಡನ್ನೂ ತಗೊಂಡು ಒಗದು ನೋಡ್ರಿ. ಎರಡು ಕಂತು ಬರೀರಿ. ಮೊದಲನೇದು ಬಾಳಿಕಿ, ಎರಡನೇದು ಬಳಕಿ. ಅಭಿಪ್ರಾಯ ಬ್ಯಾಡ, ಕಂಡದ್ದಷ್ಟ ಬರೀರಿ" ಎಂದರು.

ಕಂಡದ್ದಷ್ಟೇ ಬರೆದೆ. ಪುರಸಭೆಯ ಮಾಳಿಗೆಯಿಂದ ಕೆಳಗಿನ ಹಾಸುಗಲ್ಲಿಗೆ ಎರಡನ್ನೂ ಬೀಳಿಸಿದೆ. ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟೆ. ಖಾರದ ಪುಡಿಯ ಡಬ್ಬಿಯಲ್ಲಿ ಹೂತೆ. ಉರಿಬಿಸಿಲಿನಲ್ಲಿ ತಗಡಿನ ಮೇಲಿಟ್ಟೆ. ಹಂಸ ಮಾಳಿಗೆಯಿಂದ ಮೊದಲ ಸಲ ಬಿದ್ದಾಗಲೇ ಸತ್ತಿತು. ಇನ್ನೊಂದು ತರಿಸಿದೆ, ಅದು ನೀರಿನಲ್ಲಿ ಸತ್ತಿತು. ಗಜಕ್ಕೆ ಒಂದು ಗೀರು ಬಿತ್ತು. "ಈ ಫೋನು ಬಿದ್ದು ಒಡೆಯುವುದಿಲ್ಲ" ಎಂಬ ವಾಕ್ಯ ಮೊದಲ ಕಂತಿನಲ್ಲಿದೆ. ಪರೀಕ್ಷಿಸಿ ಬರೆದ ವಾಕ್ಯ ಅದು. ಈಗಲೂ ಅದರಲ್ಲಿ ಒಂದು ಅಕ್ಷರ ತಪ್ಪಿಲ್ಲ.

ಎರಡನೆಯ ಕಂತಿಗಾಗಿ ಫೋನುಗಳನ್ನು ದುಡಿಯುವವರ ಕೈಗೆ ಕೊಟ್ಟೆ. ಹಂಸ ಬಸ್ ಕಂಡಕ್ಟರ್ ಮೌನೇಶನಿಗೆ. ಗಜ ಹಿಟ್ಟಿನ ಗಿರಣಿ ನಡೆಸುವ ದಾಕ್ಷಾಯಣಿಯವರಿಗೆ. ಯಾರ ಕೈಯಲ್ಲಿ ಯಾವುದಿದೆ ಎಂದು ಮೊದಲ ಕಂತಿನ ಕೊನೆಯಲ್ಲಿ ಹೆಸರು ಸಮೇತ ಹಾಕಿದ್ದೆವು. ಓದುಗರು ತಾವೇ ಹೋಗಿ ನೋಡಲಿ ಎಂದು.

ಮೌನೇಶ ಒಂದು ವಾರದಲ್ಲಿ ಗೋಳಾಡತೊಡಗಿದ. "ಇದನ್ನ ಕಿಸೇದಾಗ ಇಟ್ಕೊಂಡ್ರ ಹೊಸಾ ಅಳಿಯ ಮಾವನ ಮನ್ಯಾಗ ಕುಂತಂಗ ಆಗತೈತ್ರಿ ಸರ. ಅಲುಗಾಡೂಹಂಗಿಲ್ಲ, ಬಗ್ಗೂಹಂಗಿಲ್ಲ. ಯಾರರ ಎರಡು ಮಾತು ಆಡಿದ್ರೂ ತಟ್ನ ಮುಚ್ಚಳ ಹಾಕ್ತೀನಿ. ನನ್ನ ಮುಚ್ಚಳದವರು ಬೈಯಾಕ ಹತ್ಯಾರ, ದಿನಕ್ಕ ಹತ್ತ ಸಲ ಪಲ್ಯಾ ಹೇಳೂದಾತು ಅಂತ."

ದಾಕ್ಷಾಯಣಿಯವರಿಗೆ ಗಜ ಹಿಡಿಸಿತು. ಐವತ್ತರ ಆಸುಪಾಸಿನ, ಹಿಟ್ಟಿನ ಧೂಳಿನಿಂದ ಸದಾ ಹುಬ್ಬು ಬೆಳ್ಳಗಿರುವ ಹೆಂಗಸು. ಒಂಟಿಯಾಗಿ ಗಿರಣಿ ನಡೆಸುತ್ತಾರೆ. ಅಲ್ಲಿಯ ಸದ್ದಿಗೆ ಫೋನಿನ ಗಂಟೆ ಕೇಳಿಸುವುದಿಲ್ಲ. ಆದರೆ ಗಜ ನಡುಗುವ ರಭಸ ಎಷ್ಟೆಂದರೆ ಗಿರಣಿಯ ಕಟ್ಟೆಯ ಮೇಲಿಟ್ಟರೆ ಅದು ಅಲ್ಲಿಂದಲ್ಲಿಗೆ ಸರಿದಾಡುವುದು ಕಣ್ಣಿಗೆ ಕಾಣುತ್ತದೆ. "ಕೋಣ ಕಟ್ಟಿದಂಗ ಆಗೇತ್ರಿ ಸರ. ಕರದ್ರ ಎದ್ದು ಬರತೈತಿ" ಎಂದು ನಕ್ಕಿದ್ದರು. ಇದನ್ನು ಗಜದ ಅನುಕೂಲಗಳಲ್ಲಿ ಒಂದೆಂದು ಗುರುತು ಹಾಕಿಕೊಂಡೆ.

ಅವರಿಗೆ ಒಬ್ಬ ಅಣ್ಣನಿದ್ದ. ಗುರುಸಿದ್ದಪ್ಪ, ಸ್ಟೇಷನ್ ಹತ್ತಿರ ಹಗ್ಗದ ಅಂಗಡಿ. ಇಬ್ಬರೂ ಮಾತು ಬಿಟ್ಟು ಆರು ವರ್ಷ ಆಗಿತ್ತೆಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ತಾಯಿ ಅಣ್ಣನ ಮನೆಯಲ್ಲಿ ತೀರಿಕೊಂಡಾಗ ತಂಗಿಗೆ ಸುದ್ದಿ ಬಂದದ್ದು ಎಲ್ಲ ಮುಗಿಯುತ್ತ ಬಂದ ಮೇಲೆ. ಅಂದು ಫೋನಿನಲ್ಲಿ ದಾಕ್ಷಾಯಣಿಯವರು, ನೀನು ನನ್ನ ಅಣ್ಣನೇ ಅಲ್ಲ ಎಂದಿದ್ದರು. ಅವನು ಒಡೆಯಲಿ ಎಂದು ಇವರು ಕಾದರು, ಇವಳು ಒಡೆಯಲಿ ಎಂದು ಅವನು ಕಾದ. ಯಾರೂ ಒಡೆಯಲಿಲ್ಲ. ಆ ಮಾತು ಹಾಗೆಯೇ ಇಬ್ಬರಲ್ಲೂ ಉಳಿಯಿತು.

ಮೊದಲ ಕಂತು ಅಚ್ಚಾದ ಮೇಲೆ ಒಂದು ಮಧ್ಯಾಹ್ನ ಗಿರಣಿಗೆ ಹೋಗಿದ್ದೆ. ಜೋಳ ಬೀಸುತ್ತಿತ್ತು. ಕಟ್ಟೆಯ ಮೇಲೆ ಗಜ ನಡುಗಿತು. ದಾಕ್ಷಾಯಣಿಯವರು ಹೆಸರು ನೋಡಿದರು, ಮತ್ತೊಮ್ಮೆ ನೋಡಿದರು, ಗಿರಣಿ ಬಂದ್ ಮಾಡಿದರು. ಫೋನಿಗಾಗಿ ಅವರು ಗಿರಣಿ ನಿಲ್ಲಿಸಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಎದ್ದು ಹೊರಗಿನ ಜಗುಲಿಗೆ ಹೋಗಿ ಕುಳಿತೆ.

ಗಿರಣಿ ನಿಂತದ್ದರಿಂದ ಆಗೊಂದು ಈಗೊಂದು ಮಾತು ಕಿವಿಗೆ ಬಿತ್ತು. "ಅಣ್ಣಾ" ಎಂದದ್ದು. ಬಹಳ ಹೊತ್ತಿನ ಮೇಲೆ, "ಅವ್ವ ಹಂಗಂದ್ಲೇನು?" ಎಂದದ್ದು. ಆಮೇಲೆ ದಾಕ್ಷಾಯಣಿಯವರು ನಕ್ಕರು. ಮರ್ಯಾದೆಯ ನಗುವಲ್ಲ. ಉಸಿರು ಸಿಗದಂತೆ, ಗೋಡೆಗೆ ಕೈಕೊಟ್ಟು ನಗುವವರ ನಗು. ನಾನು ಜಗುಲಿಯ ಆ ತುದಿಗೆ ಸರಿದು ಕುಳಿತೆ. ಅಲ್ಲಿಗೆ ಏನೂ ಕೇಳಿಸಲಿಲ್ಲ.

ಮಾತು ಮುಗಿಸಿ ಅವರು ಬಾಗಿಲಿಗೆ ಬಂದಾಗ ಕೆನ್ನೆಯ ಹಿಟ್ಟಿನಲ್ಲಿ ಎರಡು ಗೆರೆ ಇಳಿದಿದ್ದವು. ಕೇಳಬಾರದಿತ್ತು, ಆದರೂ ಅಭ್ಯಾಸಬಲದಿಂದ ಕೇಳಿದೆ. "ಮುಚ್ಚಳ ಹಾಕ್ಲಿಲ್ಲೇನ್ರಿ ದಾಕ್ಷವ್ವಾರ?"

"ಇದಕ್ಯಾತರ ಮುಚ್ಚಳ? ಮಾಳಗಿ ಮ್ಯಾಲಿಂದ ಒಗದ್ರೂ ಒಡದಿಲ್ಲಂತ ನೀವ ಬರದೀರಿ." ಒಳಗೆ ಹೋಗುತ್ತ ತಿರುಗಿ ಹೇಳಿದರು. "ಆ ಮಾತು ಒಂದೀಟು ಹೊತ್ತು ಮ್ಯಾಲ ಇರ್ಲಿ ಬಿಡ್ರಿ ಸರ. ಅದರ ಮ್ಯಾಲ ಈಗ ಬದನಿಕಾಯಿ ಯಾಕ?"

ಗಿರಣಿ ಮತ್ತೆ ಶುರುವಾಯಿತು. ಗಜ ಇಟ್ಟುಕೊಂಡವರು ಮುಚ್ಚಳ ಹಾಕುವುದನ್ನು ಬಿಡುತ್ತಾರೆ ಎಂಬುದು ಬಳಕೆಯ ಬಗ್ಗೆ ಒಳ್ಳೆಯ ಅಂಶ ಎಂದು ಯೋಚಿಸುತ್ತ ನಾನು ಬಾಗಿಲ ಕಡೆ ನೋಡುತ್ತಿದ್ದೆ. ದಾಕ್ಷಾಯಣಿಯವರು ಜೋಳದ ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಸುರಿಯುತ್ತಿದ್ದರು. ಆಗ ಒಳಗಿನಿಂದ ಫಟ್ಟೆಂದು ಸದ್ದು ಬಂತು. ಆಮೇಲೆ ಏನೋ ಸಿಕ್ಕಿಹಾಕಿಕೊಂಡು ಅರೆಯುವ ಸದ್ದು. ಅವರು ಬುಟ್ಟಿ ಬಿಟ್ಟು ಓಡಿದರು. ನಾನೂ ಒಳಗೆ ಹೋದೆ. ಗಜ ಕಟ್ಟೆಯಿಂದ ಸರಿದು ಬಿದ್ದು ಗಿರಣಿಯ ಬೆಲ್ಟಿಗೂ ಚಕ್ರಕ್ಕೂ ನಡುವೆ ಸಿಕ್ಕಿತ್ತು. ರೊಟ್ಟಿ ಮಡಚಿದಂತೆ ಎರಡು ಮಡಿಕೆಯಾಗಿತ್ತು. ಬೀಳುವುದನ್ನು ಪರೀಕ್ಷಿಸಿದ್ದೆ. ಮಡಚುವುದನ್ನು ಪರೀಕ್ಷಿಸಿರಲಿಲ್ಲ.

ದಾಕ್ಷಾಯಣಿಯವರು ಅದನ್ನು ಕೈಯಲ್ಲಿ ಹಿಡಿದು ನಿಂತರು. ಮುಖದಲ್ಲಿ ಗಾಬರಿ ಇತ್ತು, ದುಃಖ ಇರಲಿಲ್ಲ. ಕೆನ್ನೆ ಮುಟ್ಟಿಕೊಂಡು ಒದ್ದೆಯಾದ ಹಿಟ್ಟು ನೋಡಿದರು. "ನಾ ಅತ್ತಿದ್ನೇನ್ರಿ?" ಎಂದರು. ಮಡಚಿದ ಗಜವನ್ನು ತಿರುಗಿಸಿ ನೋಡುತ್ತ, "ಯಾರದಿತ್ರಿ ಫೋನು?"

ಮಾತು ಕಳೆದುಕೊಂಡವರು ತಾವಾಗಿ ಕೇಳಿದರೆ ಹೇಳಬಹುದು. ಕೇಳಿಸಿಕೊಂಡಷ್ಟನ್ನು ಹೇಳಿದೆ. ಅಣ್ಣಾ ಎಂದದ್ದು, ಅವ್ವ ಹಂಗಂದ್ಲೇನು ಎಂದದ್ದು, ನಕ್ಕದ್ದು. ಅವರು ಜೋಳದ ಚೀಲದ ಮೇಲೆ ಕುಳಿತರು.

"ಅವ್ವ ಏನಂದಿದ್ಲಂತ?"

"ಅದು ನನಗ ಕೇಳಿಸ್ಲಿಲ್ರಿ."

"ಹೊರಗ ಯಾಕ ಹೋದ್ರಿ ಸರ?" ಎಂದರು. ಬೈಗುಳವಾಗಿ ಅಲ್ಲ. ನಿಜವಾಗಿಯೂ ಉತ್ತರ ಬೇಕಾದವರಂತೆ.

ರೂಢಿಯ ಪ್ರಕಾರ ಅವರು ಫೋನು ಹಚ್ಚುವಂತಿರಲಿಲ್ಲ. ಒಡೆದದ್ದು ಅವರ ಕಡೆಯದು. ಅಣ್ಣನೇ ಹಚ್ಚಬೇಕಿತ್ತು. ಹಳೆಯ ನಂಬರನ್ನೇ ಒಂದು ಹಂಸದಲ್ಲಿ ಹಾಕಿಸಿಕೊಂಡು ಎದುರಿಗೆ ಇಟ್ಟುಕೊಂಡು ಕಾದರು. ಫೋನು ಬರಲಿಲ್ಲ. ಅವನ ಬಳಿಗೆ ನಾನೇ ಹೋಗಿ ಹೇಳಬಹುದೇ ಎಂದು ಕೇಳಿದೆ. ದಾಕ್ಷಾಯಣಿಯವರು ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಾನು ಹೋದೆ.

ಗುರುಸಿದ್ದಪ್ಪನವರು ಹಗ್ಗದ ಸುರುಳಿಗಳ ನಡುವೆ ಕುಳಿತಿದ್ದರು. ಬಂದ ವಿಷಯ ಹೇಳಿದೆ. ಅವರು ನನ್ನ ಮಾತು ಪೂರ್ತಿ ಕೇಳಿ, ತಮ್ಮ ಕಡೆ ಆದದ್ದನ್ನು ಹೇಳಿದರು.

"ನಾ ಇಲ್ಲೇ ಕುಂತಿದ್ದೆ. ನೋಡ್ತೀನಿ, ಕೈಯಾಗ ಫೋನ್ ಐತಿ, ಕಿವಿಗೆ ಹಿಡದೀನಿ. ಯಾಕ ಹಚ್ಚೀನಿ ಗೊತ್ತಿಲ್ಲ. ತಗದು ನೋಡಿದ್ರ ದಾಕ್ಷಿ ಹೆಸರು. ಅದರ ಕೆಳಗ ಇನ್ನೊಂದು, ಅದೂ ಆಕಿದ, ಚಂದಾಗಿ ಉದ್ದ ಮಾತಾಡಿದ್ದು. ಒಂದಕ್ಷರ ನೆನಪಿಲ್ಲ. ಹಂಗಾದ್ರ ಅರ್ಥ ಏನ್ರಿ? ಮಾತು ಮುಗಿದ ಮ್ಯಾಲ ನಾ ಮತ್ತೇನೋ ಹೇಳಾಕ ಹಚ್ಚೀನಿ, ಅಷ್ಟರಾಗ ಆಕಿ ಒಡದಾಳ."

"ಒಡದಿಲ್ರಿ. ಬಿದ್ದೈತಿ. ನೀವು ತಿರುಗಿ ಹಚ್ಚಿದ್ದಕ್ಕ ಅದು ನಡುಗಿ ಸರದೈತಿ."

"ಎಲ್ಲಾರದೂ ಬಿದ್ದ ಒಡೀತೈತ್ರಿ ಸರ. ನನ್ನ ಹೇಣ್ತಿ ಕೈಯಾಗಿನ ಫೋನು ಎಷ್ಟು ಸಲ ತಾನ ಬಿದ್ದೈತಿ ಅನ್ನೂದು ನಿಮಗೇನು ಗೊತ್ತು?" ಎಂದು ನಕ್ಕು, ಗಲ್ಲಾಪೆಟ್ಟಿಗೆಯ ಕೆಳಗಿನಿಂದ ನಮ್ಮ ಪತ್ರಿಕೆ ತೆಗೆದರು. ಮೊದಲ ಕಂತು. ಕನ್ನಡಕ ಹಾಕಿಕೊಂಡು ನನ್ನ ವಾಕ್ಯವನ್ನು ನನಗೇ ಓದಿ ಹೇಳಿದರು. "ಈ ಫೋನು ಬಿದ್ದು ಒಡೆಯುವುದಿಲ್ಲ. ಇದು ನೀವ ಬರದದ್ದಲ್ಲೇನ್ರಿ?"

"ನಾನ ಬರದದ್ದು."

"ಸುಳ್ಳೇನು?"

"ಅಲ್ರಿ."

"ಮತ್ತ?" ಪತ್ರಿಕೆ ಮಡಚಿದರು. "ಇದನ್ನ ಓದಿದ ಮ್ಯಾಲ ನಾ ಆಕಿಗೆ ಹಚ್ಚಿದ್ದಿರಬೇಕು. ಒಂದು ಮಾತು ಬಾಳ ದಿನದಿಂದ ಇಟ್ಕೊಂಡಿದ್ದೆ. ಆಕಿ ಕೈಯಾಗ ಗಟ್ಟಿ ಫೋನ್ ಬಂದೈತಿ, ಈಗ ಹೇಳಿದ್ರ ಉಳೀತೈತಿ ಅನಿಸಿರಬೇಕು. ಏನು ಹೇಳಿರಬೇಕಂತ ನನಗ ಗೊತ್ತೈತಿ. ಅದನ್ನ ಕೇಳಿ ಒಡದಾಳಂದ್ರ ಮತ್ತೊಮ್ಮೆ ಹೇಳಾಕ ನನ್ನ ಕಡೆ ಆಗೂದಿಲ್ಲ."

ಅವರ ಮನಸ್ಸು ಕರಗೀತೆಂದು ನನ್ನ ಬಳಿ ಇದ್ದ ಕೊನೆಯ ಸಂಗತಿಯನ್ನು ಹೇಳಿದೆ. "ಆಕಿ ನಕ್ಕಿದ್ರು. ಮನಸ್ ಬಿಚ್ಚಿ ನಕ್ಕಿದ್ರು."

ಗುರುಸಿದ್ದಪ್ಪನವರ ಮುಖ ಬಿಗಿಯಿತು. "ನಕ್ಕಳೇನು? ಅದರಾಗ ನಗೂದು ಏನಿತ್ರಿ?" ಎಂದು ಹಗ್ಗ ಅಳೆಯಲು ಎದ್ದರು. ಗಿರಾಕಿ ಯಾರೂ ಬಂದಿರಲಿಲ್ಲ.

ಇನಾಮದಾರರ ಬಳಿ ಹೋಗಿ ಒಂದು ತಿದ್ದುಪಡಿ ಹಾಕಬೇಕು ಎಂದೆ. "ನಾವು ಬರದದ್ದರಾಗ ತಪ್ಪೇನೈತಿ?" ಎಂದು ಕೇಳಿದರು. ಏನೂ ಇಲ್ಲ ಎಂದೆ. "ತಪ್ಪಿಲ್ಲದ್ದನ್ನ ತಿದ್ದೂದು ಹೆಂಗ್ರಿ?" ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಎರಡನೆಯ ಕಂತು ಬಾಕಿ ಇತ್ತಲ್ಲ, ಹೇಳುವುದನ್ನು ಅದರಲ್ಲೇ ಹೇಳಲು ಕುಳಿತೆ.

ಫೋನು ತಾನಾಗಿ ಬಿತ್ತು ಎಂದು ಬರೆದುಬಿಟ್ಟರೆ ಕೆಲಸ ಸುಲಭವಿತ್ತು. ಆದರೆ ಅದು ಬಿದ್ದದ್ದನ್ನು ನಾನು ನೋಡಿರಲಿಲ್ಲ. ನೋಡಿದ್ದು ಏನು ಎಂದು ಬಹಳ ಹೊತ್ತು ಯೋಚಿಸಿ ಹೀಗೆ ಬರೆದೆ: "ಸದ್ದು ಬಂದಾಗ ಗಿರಣಿಯವರ ಎರಡೂ ಕೈಗಳು ಜೋಳದ ಬುಟ್ಟಿಯ ಮೇಲಿದ್ದವು. ನಾನು ಬಾಗಿಲಿನಿಂದ ನೋಡುತ್ತಿದ್ದೆ." ನಮ್ಮ ಪತ್ರಿಕೆಯ ವರದಿಗಳಲ್ಲಿ 'ನಾನು' ಬರುವಂತಿಲ್ಲ. ಇನಾಮದಾರರು ಆ ಎರಡನೆಯ ವಾಕ್ಯವನ್ನು ಹೊಡೆದುಹಾಕಿ, ನನ್ನ ಮುಖ ನೋಡಿ, ಮತ್ತೆ ಬರೆದು ಸೇರಿಸಿದರು. ಉಳಿದದ್ದು ಹೋಲಿಕೆ. ಬ್ಯಾಟರಿ ಗಜದ್ದು ಹೆಚ್ಚು ಹೊತ್ತು ನಿಲ್ಲುತ್ತದೆ. ಬಿಸಿಲಿನಲ್ಲಿ ಅಕ್ಷರ ಕಾಣುವುದು ಹಂಸದಲ್ಲಿ. ಮೌನೇಶನ ಹಂಸ ಬಸ್ಸಿನ ಮೆಟ್ಟಿಲಿನಲ್ಲಿ ಎರಡು ಸಲ ಬಿದ್ದು ಸತ್ತು ಬದಲಾಯಿತು. ಎರಡೂ ಸಲ ಅವನು ಕಳೆದುಕೊಂಡದ್ದು ಪಲ್ಯದ ಹೆಸರು. ಪರೀಕ್ಷೆಯ ಅವಧಿಯಲ್ಲಿ ಹಂಸ ಇಟ್ಟುಕೊಂಡವರ ಮುಖ್ಯವಾದ ಮಾತು ಒಂದೂ ಹೋಗಲಿಲ್ಲ, ಗಜದಲ್ಲಿ ಒಂದು ಹೋಯಿತು. ಇಷ್ಟು ಬರೆದು, ಯಾವುದನ್ನು ಕೊಳ್ಳಬೇಕೆಂದು ಹೇಳದೆ ಮುಗಿಸಿದೆ.

ಬಾಯಿಂದ ಹೇಳಿದ್ದನ್ನು ನಂಬದವರೂ ನಮ್ಮೂರಿನಲ್ಲಿ ಅಚ್ಚಾದದ್ದನ್ನು ನಂಬುತ್ತಾರೆ. ಅದನ್ನು ಒಡೆಯಲು ಬರುವುದಿಲ್ಲವಲ್ಲ. ಕಂತು ಬಂದ ಮೂರ್ನಾಲ್ಕು ದಿನಕ್ಕೆ ಸಂಜೆ ನನ್ನ ಫೋನು ರಿಂಗಣಿಸಿತು. ದಾಕ್ಷಾಯಣಿಯವರು.

"ಏನ್ ಪಲ್ಯಾ ಮಾಡೀರಿ ಸರ?"

ಅವರ ಮುಚ್ಚಳದವರು ನಾನಾಗಿರಲಿಲ್ಲ. ಅಣ್ಣನ ಫೋನು ಬಂದಿತ್ತೆಂದು ಅರ್ಥವಾಯಿತು. "ಬದನಿಕಾಯಿರಿ" ಎಂದೆ. ಅವರು ಇಟ್ಟರು.

ಮರುದಿನ ಗಿರಣಿಗೆ ಹೋದೆ. ಅವರು ಜೋಳ ಹಸನು ಮಾಡುತ್ತಿದ್ದರು. ನಾನು ಕೇಳಲಿಲ್ಲ, ಅವರೇ ಹೇಳಿದರು. ತಾಯಿ ಕೊನೆಯ ದಿನ ಅಣ್ಣನಿಗೆ ಹೇಳಿದ್ದಳಂತೆ: ದಾಕ್ಷಿನ್ನ ಕರೀಬ್ಯಾಡ, ಗಿರಣಿ ನಿಂತೀತು, ಮಂದಿ ಹಿಟ್ಟಿಗೆ ಕಾಯ್ತಾರ. ಅವನು ಕರೆಯಲಿಲ್ಲ. ತಪ್ಪನ್ನು ಸತ್ತ ತಾಯಿಯ ಮೇಲೆ ಹಾಕಿದಂತಾದೀತೆಂದು ಇಷ್ಟು ವರ್ಷ ಅದನ್ನು ಬಾಯಿ ಬಿಟ್ಟಿರಲಿಲ್ಲ.

"ಅಷ್ಟ ಹೇಳಿದ. ಕೋರ್ಟಿನ್ಯಾಗ ಸಾಕ್ಷಿ ಹೇಳಿದಂಗ ಹೇಳಿದ. ನಾ ಹೂಂ ಅಂದೆ. ಇನ್ ಮ್ಯಾಲ ಹಬ್ಬಕ್ಕ ಬರ್ತೀನಂದ. ಆತು ಅಂದೆ." ಮೊರವನ್ನು ಮಡಿಲಲ್ಲಿಟ್ಟುಕೊಂಡರು. "ಇದನ್ನ ಕೇಳಿ ನನಗ ಅಳು ಬಂತ್ರಿ ಸರ. ನಗು ಬರ್ಲಿಲ್ಲ. ಅವತ್ತ ಯಾಕ ನಕ್ಕಿದ್ದೆ?"

ನನಗೆ ಗೊತ್ತಿರಲಿಲ್ಲ. ಅಣ್ಣನನ್ನು ಕೇಳಿದರಂತೆ, ಅವನಿಗೂ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಅವ್ವನ ಹಾಗೆ ಮೂಗಿನಿಂದ ಮಾತಾಡಿ ಅಣಕಿಸುತ್ತಿದ್ದ, ಅಂದು ಅದೇ ದನಿಯಲ್ಲಿ ಹೇಳಿದನೋ ಏನೋ ಎಂದು ಅವರೇ ಊಹಿಸಿದರು. ಹಾಗೆ ಇನ್ನೊಮ್ಮೆ ಹೇಳು ಎಂದು ಕೇಳಲು ಬಾಯಿ ಬರಲಿಲ್ಲವಂತೆ. ಎರಡನೆಯ ಸಲ ಅವನು ಅಳೆದು ಆಡಿದ. ಇವರು ಅಳೆದು ಕೇಳಿದರು. ಒಂದು ಸಲ ಒಡೆದು ಹೋದದ್ದರ ಭಯ ಎರಡೂ ಕಡೆ ಇತ್ತು. ತಿರುಗಿ ಹಚ್ಚಿ ಅವನು ಹೇಳಬೇಕೆಂದಿದ್ದ ಆ ಇನ್ನೊಂದು ಮಾತು ಏನೆಂಬುದೂ ಯಾರಿಗೂ ತಿಳಿಯಲಿಲ್ಲ.

ಈಗ ಗುರುಸಿದ್ದಪ್ಪನವರು ಆಗಾಗ ತಂಗಿಗೆ ಫೋನು ಹಚ್ಚುತ್ತಾರೆ. ಮಾತು ಬೇಗ ಮುಗಿಯುತ್ತದೆ. ಇಬ್ಬರೂ ತಪ್ಪದೆ ಮುಚ್ಚಳ ಹಾಕುತ್ತಾರೆ. ದಾಕ್ಷಾಯಣಿಯವರ ಮುಚ್ಚಳ ಈಗ ನನ್ನ ಪಾಲಿಗೆ ಬಂದಿದೆ. ಜಗುಲಿಯ ಆ ತುದಿಗೆ ನಾನು ಸರಿಯದೆ ಇದ್ದಿದ್ದರೆ ಎಂದು ಪ್ರತಿ ಸಲವೂ ಅನ್ನಿಸುತ್ತದೆ. ಊರಿನ ಮರ್ಯಾದೆಯಂತೆ ನಡೆದುಕೊಂಡೆ, ಅದರಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ. ಆ ನಗು ಮಾತ್ರ, ನಕ್ಕವರ ಬಳಿಯೂ ಇಲ್ಲದೆ ನಗಿಸಿದವರ ಬಳಿಯೂ ಇಲ್ಲದೆ, ಅದರಿಂದ ಏನೂ ಉಪಯೋಗವಿಲ್ಲದ ನನ್ನ ಬಳಿ ಉಳಿದುಕೊಂಡಿದೆ.

ಮೊನ್ನೆಯೂ ಅವರ ಫೋನು ಬಂತು. "ಏನ್ ಪಲ್ಯಾ ಮಾಡೀರಿ ಸರ?"

"ಬದನಿಕಾಯಿರಿ."

ಎಂದಿನಂತೆ ಇಡಲಿಲ್ಲ. ಆ ಕಡೆ ಗಿರಣಿ ನಿಂತಿತ್ತು. "ಸರ, ನಾ ಅವತ್ತ ಖರೇನ ನಕ್ಕಿದ್ನೇನ್ರಿ?"

"ಖರೇನ ನಕ್ಕಿದ್ರಿ."

"ಹೆಂಗ ನಕ್ಕಿದ್ದೆ?"

"ಜೋರಾಗಿ" ಎಂದೆ.

ಅವರು ಫೋನು ಇಟ್ಟರು. ಮರುಕ್ಷಣವೇ ಅದು ಮತ್ತೆ ರಿಂಗಣಿಸಿತು.

"ಏನ್ ಪಲ್ಯಾ ಅಂದ್ರಿ ಸರ?"

ಆ ಮಾತಿನ ಮೇಲೆ ಮುಚ್ಚಳವಾಗಿ, ಬದನೆಕಾಯಿ ಎಂದು ಇನ್ನೊಮ್ಮೆ ಹೇಳಿದೆ.